ಮದ್ದಿನ ಬರ, ಯೂರಿಯಾ ಚೀಲ

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯವರು ವಿಜಯಪುರಕ್ಕ ಹೋದಾಗ ಮಲಿಕ್-ಎ-ಮೈದಾನ್ ತೋಪು ನೋಡೇ ಇರ್ತೀರಿ. 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಎಷ್ಟ ದೊಡ್ಡದಿದ್ರೂ ಮದ್ದಿಲ್ಲಂದ್ರ ಅದು ಬರೇ ಲೋಹ. ಆ ಮದ್ದಿನಾಗ ಇದ್ದಲಿ, ಗಂಧಕಕ್ಕಿಂತ ಪೆಟ್ಲುಪ್ಪಿನ ಪಾಲೇ ಹೆಚ್ಚು.

ಪೆಟ್ಲುಪ್ಪು ಸಿಗತಿದ್ದುದು ದನ ಕಟ್ಟಿದ ಜಾಗದ ಮಣ್ಣಿನಾಗ. ಉಚ್ಚಿ, ಸೆಗಣಿಯೊಳಗಿನ ಸಾರಜನಕವನ್ನ ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡತಾವ. ಅದರಿಂದಲೇ ಈ ಉಪ್ಪು.

1793ರ ಹೊತ್ತಿಗೆ ಫ್ರಾನ್ಸಿನಾಗ ಯುದ್ಧ, ಹೊರಗಿನ ಪೆಟ್ಲುಪ್ಪು ಸಿಗದಾತು. ಜನ ಕೊಟ್ಟಿಗಿ, ನೆಲಮಾಳಿಗಿ ಮಣ್ಣು ಕೆರದು ಕೊಟ್ರು. 1914ರಾಗ ಜರ್ಮನಿಗೂ ಹಂಗ ಆತು, ಚಿಲಿ ದೇಶದ ನೈಟ್ರೇಟ್ ಬರೂದು ನಿಂತಿತು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡೂದನ್ನ ಹಾಬರ್, ಬಾಶ್ ಅನ್ನೋರು ಆಗಲೇ ಸಾಧಿಸಿದ್ರು. ಗೊಬ್ಬರಕ್ಕಂತ ಹುಟ್ಟಿದ ಆ ಕೆಲಸವನ್ನ ಮದ್ದಿಗೆ ತಿರುಗಿಸಿದ್ರು. ನಮ್ಮ 45 ಕಿಲೋ ಯೂರಿಯಾ ಚೀಲಕ್ಕೂ ಅದೇ ಅಮೋನಿಯಾ ಮೂಲ.

ಒಂದ ಮುಂಗಾರಿನಾಗ ಯೂರಿಯಾಕ್ಕ ಪಾಳಿ ಹಚ್ಚಿ ನಾನು ಖಾಲಿ ಕೈಲೆ ಮನಿಗೆ ಬಂದೆ. ನೋಡಿದ್ರ ಎತ್ತಿನ ಉಚ್ಚಿ ಗಟಾರಕ್ಕ ಹರಿಯಾಕತ್ತಿತ್ತು. ಅವತ್ತಿನಿಂದ ಕೊಟ್ಟಿಗ್ಯಾಗ ಒಣ ಮಣ್ಣು, ರವದಿ ಹಾಸತೀನಿ. ಹಸಿ ಆದ ಮ್ಯಾಲೆ ತಿಪ್ಪಿಗೆ ಹಾಕಿ ಮಣ್ಣು ಮುಚ್ಚತೀನಿ, ಬಿಸಿಲಿಗೆ ಬಿಟ್ರ ಸಾರಜನಕ ಹಾರಿ ಹೋಗತೈತಿ. ಇದರಿಂದ ಯೂರಿಯಾ ಪೂರಾ ತಪ್ಪಂಗಿಲ್ಲ, ಖರೆ. ಆದ್ರ ಪಾಳಿ ಹಚ್ಚೂದು ಕಡಿಮಿ ಆಗೇತಿ.

ಬರ ಬಿದ್ದಾಗ ದೊಡ್ಡ ದೊಡ್ಡ ಸರಕಾರ ಕೊಟ್ಟಿಗಿ ಮಣ್ಣು ಕೆರದಾವ. ಅದನ್ನ ನಾವು ಗಟಾರಕ್ಕ ಬಿಡೂದು ಬ್ಯಾಡ್ರಿ.