ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್

ಮುಂಬಯಿಯಲ್ಲಿ 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಕೂಡಿ ಸ್ಥಾಪಿಸಿದ ನಿಸರ್ಗ ಅಧ್ಯಯನ ಸಂಸ್ಥೆಯ ಮುಖಪತ್ರಿಕೆ. ಮೊದಲ ಸಂಚಿಕೆ ಹೊರಬಂದದ್ದು 1886ರಲ್ಲಿ. ಸ್ಥಾಪಕರಲ್ಲಿ ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರಿದ್ದರು. ಆರ್. ಎ. ಸ್ಟರ್ನ್‌ಡೇಲ್ ಮತ್ತು ಇ. ಎಚ್. ಏಟ್ಕನ್ ಆರಂಭದ ಸಂಪಾದಕರು. ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲೂ ಕೆಲಸ ಮಾಡಿದವರು.

ಜರ್ನಲ್‌ಗೆ ಬರೆದವರಲ್ಲಿ ವೃತ್ತಿನಿರತ ವಿಜ್ಞಾನಿಗಳಿಗಿಂತ ಕಲೆಕ್ಟರರು, ಅರಣ್ಯಾಧಿಕಾರಿಗಳು, ಸೈನಿಕರು, ಶಿಕಾರಿಗಳೇ ಬಹಳ. ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರ ಆರ್. ಸಿ. ಮಾರಿಸ್ ಆನೆ, ಕಾಟಿಗಳ ಬಗ್ಗೆ ಹಲವು ಟಿಪ್ಪಣಿ ಕಳುಹಿಸಿದರು. ಎಲ್ಲಿ, ಯಾವ ದಿನ, ಏನು ಕಂಡಿತು ಎಂದಷ್ಟೇ ಹೇಳುವ ಇಂಥ ಬಿಡಿ ಟಿಪ್ಪಣಿಗಳೇ ಇಂದು ದೊಡ್ಡ ಪ್ರಬಂಧಗಳಿಗಿಂತ ಹೆಚ್ಚು ಬೆಲೆಬಾಳುತ್ತವೆ. ಒಂದು ಪ್ರಾಣಿ ಹಿಂದೆ ಎಲ್ಲೆಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಸೊಸೈಟಿಯ ಅತಿ ದೊಡ್ಡ ಕೆಲಸ 1911ರಿಂದ 1923ರವರೆಗಿನ ಸಸ್ತನಿ ಸಮೀಕ್ಷೆ. ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಹಣ ಕೂಡಿಸಿದರು. ನಿವೃತ್ತ ಅರಣ್ಯಾಧಿಕಾರಿ ಆರ್. ಸಿ. ರಾಟನ್ ಲಂಡನ್ನಿನಲ್ಲಿ ಕೂತು ಮಾದರಿಗಳನ್ನು ಗುರುತಿಸಿದರು. ಸಂಬಳದ ಸಂಗ್ರಾಹಕರು ಖಾನದೇಶದಿಂದ ಶುರುಮಾಡಿ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದರು. ಧಾರವಾಡ, ಉತ್ತರ ಕನ್ನಡ, ಕೊಡಗುಗಳಲ್ಲಿ ಸುತ್ತಿದವರು ಜಿ. ಸಿ. ಶಾರ್ಟ್‌ರಿಜ್. ಅದುವರೆಗೆ ಶಿಕಾರಿಯ ಕಣ್ಣು ಹುಲಿ, ಕಡವೆಗಳ ಮೇಲಿತ್ತು. ಸಮೀಕ್ಷೆ ಇಲಿ, ಬಾವಲಿ, ಅಳಿಲುಗಳನ್ನೂ ಲೆಕ್ಕಕ್ಕೆ ತಂದಿತು. ಪ್ರತಿ ಚರ್ಮಕ್ಕೂ ಚೀಟಿ ಕಟ್ಟಿ ಸ್ಥಳ, ದಿನಾಂಕ, ದೇಹ, ಬಾಲ, ಹಿಂಗಾಲು, ಕಿವಿಗಳ ಅಳತೆ ಬರೆದರು. ವರದಿಗಳು ಜರ್ನಲ್‌ನಲ್ಲಿ ಸರಣಿಯಾಗಿ ಅಚ್ಚಾದವು. ಮೆತ್ತನೆ ತುಪ್ಪಳದ ಒಂದು ಇಲಿ ಕುಲಕ್ಕೆ ಮಿಲ್ಲಾರ್ಡಿಯ ಎಂಬ ಹೆಸರೇ ಉಳಿದಿದೆ.

ಪಕ್ಷಿತಜ್ಞ ಸಾಲಿಂ ಅಲಿಯವರ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯೂ 1942–43ರಲ್ಲಿ ಜರ್ನಲ್‌ನಲ್ಲೇ ಪ್ರಕಟವಾಯಿತು.

ಜರ್ನಲ್‌ನ ಪುಟಗಳಲ್ಲಿ ನೋವಿನ ದಾಖಲೆಯೂ ಇದೆ. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ರಾಜ ರಾತ್ರಿ ಹೊತ್ತು ಮೂರು ಚೀತಾಗಳನ್ನು (ಸಿವಂಗಿ) ಗುಂಡಿಟ್ಟು ಕೊಂದ. ಅವುಗಳ ಫೋಟೊ ಸೊಸೈಟಿಗೆ ಬಂತು. ಸಂಪಾದಕರು ಆ ಕೃತ್ಯವನ್ನು ಕಟುವಾಗಿ ಖಂಡಿಸಿಯೇ ಅಚ್ಚುಹಾಕಿದರು. ಭಾರತದ ಕೊನೆಯ ಚೀತಾಗಳ ಮಾತು ಬಂದಾಗಲೆಲ್ಲ ಎತ್ತಿ ತೋರಿಸುವುದು ಆ ಪುಟವನ್ನೇ.

ಸೊಸೈಟಿಯ ಲಾಂಛನದಲ್ಲಿರುವ ದೊಡ್ಡ ಮಂಗಟ್ಟೆ ಹಕ್ಕಿ ಕಾರವಾರದಿಂದ 1894ರಲ್ಲಿ ಉಡುಗೊರೆಯಾಗಿ ಬಂದು 1920ರವರೆಗೆ ಕಚೇರಿಯಲ್ಲೇ ಬದುಕಿದ 'ವಿಲಿಯಂ'ನ ನೆನಪು.

ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಹುಡುಕುವವರು ಉತ್ತರ ಕನ್ನಡಕ್ಕೆ 'ಕೆನರಾ', ಕೊಡಗಿಗೆ 'ಕೂರ್ಗ್' ಎಂಬ ಅಂದಿನ ಹೆಸರುಗಳನ್ನೇ ಬಳಸಬೇಕು.