ಪದ ಪರಿಚಯ: ನಂಜು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಗಾಯವಾದವರ ತಟ್ಟೆಗೆ ಬದನೆಕಾಯಿ ಬಿದ್ದರೆ ಅಜ್ಜಿ ಹೋಳನ್ನು ಎತ್ತಿಬಿಡುತ್ತಾಳೆ: ‘ಬ್ಯಾಡ ಕಣಪ್ಪ, ನಂಜಾಗ್ತೈತೆ.’

ನಂಜು ಎಂದರೆ ವಿಷ. ತಮಿಳಿನಲ್ಲೂ ಇರುವ ಅಚ್ಚ ದ್ರಾವಿಡ ಪದ. ವಿಷವುಂಡ ಶಿವ ನಂಜುಂಡ, ಅವನ ಊರು ನಂಜನಗೂಡು. ಆಡುಮಾತಿನಲ್ಲಿ ಗಾಯ ಕೀವಾದರೂ ನಂಜು, ತಿಂದದ್ದು ಒಗ್ಗದೆ ಮೈತುಂಬ ಗಂಧೆ ಎದ್ದರೂ ನಂಜು.

ಈ ಕೊನೆಯ ಅರ್ಥದ ಜಾಗಕ್ಕೆ ಈಗ ‘ಅಲರ್ಜಿ’ ಬಂದಿದೆ. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕಟ್ಟಿದ ಪದವದು. ಆದರೆ ಎರಡೂ ಒಂದೇ ಅಲ್ಲ. ನಂಜೆಂದರೆ ತಪ್ಪು ಪದಾರ್ಥದ್ದು. ಅಲರ್ಜಿಯಲ್ಲಿ ಮೈಯೇ ಒಳ್ಳೆಯ ಪದಾರ್ಥವನ್ನು ಹಗೆಯೆಂದು ತಿಳಿಯುತ್ತದೆ. ಪಾವಗಡದ ಹೊಲಗಳ ಕಡಲೆಕಾಯಿ ಊರಿಗೆಲ್ಲ ಬದುಕು, ಯಾರೋ ಒಬ್ಬರಿಗೆ ಉಸಿರು ಕಟ್ಟಿಸಬಲ್ಲದು. ಸಿಗಡಿ, ಮೊಟ್ಟೆ, ಹಾಲು, ಪೆನಿಸಿಲಿನ್ ಕೂಡ ಹಾಗೆಯೇ. ಜೇನು ಕಟ್ಟುತ್ತಿದ್ದ ಬೆಟ್ಟವೆಂದೇ ಮಧುಗಿರಿಗೆ ಆ ಹೆಸರು ಬಂತೆನ್ನುತ್ತಾರೆ. ಆದರೆ ಜೇನುಹುಳದ ಅಲರ್ಜಿ ಇರುವವರಿಗೆ ಒಂದೇ ಹುಳ ಕಚ್ಚಿದರೂ ಸಾಕು, ಉಸಿರು ಕಟ್ಟಬಹುದು.

ಇಷ್ಟು ತೀವ್ರವಾದ ಅಲರ್ಜಿ ಅಪರೂಪ. ಯುರೋಪಿನ ಅಂದಾಜಿನಂತೆ ಜೀವಮಾನದಲ್ಲಿ ಸಾವಿರಕ್ಕೆ ಸುಮಾರು ಮೂವರಿಗೆ. ಬಂದರೆ ಮಾತ್ರ ನಿಮಿಷಗಳ ಲೆಕ್ಕ. ತುಟಿ, ನಾಲಿಗೆ ಊದಿ, ಉಸಿರು ಸಿಕ್ಕಿ, ತಲೆ ಸುತ್ತಿದರೆ ‘ನಂಜು, ಇಳಿಯುತ್ತೆ’ ಎಂದು ಗಂಧೆಗೆ ಕಬ್ಬಿಣ ಉಜ್ಜುತ್ತ ಕೂರಬೇಡಿ. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅದಕ್ಕೆ ಮೊದಲ ಮದ್ದು. ತಕ್ಷಣ 108ಕ್ಕೆ ಕರೆಮಾಡಿ.