ಅನಾರೋಗ್ಯದ ಕಾರಣ ಸೆಮಿಸ್ಟರ್ ಹಿಂತೆಗೆತ ಮತ್ತು ಕಾನೂನು ವ್ಯಾಜ್ಯ

ಅನಾರೋಗ್ಯದ ಕಾರಣ ಸೆಮಿಸ್ಟರ್ ಹಿಂತೆಗೆತ ಎಂದರೆ ಕಾಯಿಲೆಯಿಂದಾಗಿ ವ್ಯಾಸಂಗವನ್ನು ಮುಂದುವರಿಸಲಾಗದ ವಿದ್ಯಾರ್ಥಿಯು ಸಂಸ್ಥೆಯ ಅನುಮತಿ ಪಡೆದು ಆ ಸೆಮಿಸ್ಟರನ್ನು ಬಿಟ್ಟು, ಮುಂದೆ ಅದನ್ನು ಮತ್ತೆ ಓದುವ ವ್ಯವಸ್ಥೆ. ಅನುಮತಿ ನಿರಾಕರಣೆ, ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ತಡೆ, ಶುಲ್ಕ ಮರುಪಾವತಿ ಮತ್ತು ಮರುಪ್ರವೇಶ ಇವೇ ಈ ವಿಷಯದಲ್ಲಿ ವ್ಯಾಜ್ಯಕ್ಕೆ ಮುಖ್ಯ ಕಾರಣಗಳು. ಇಂತಹ ವ್ಯಾಜ್ಯಗಳಲ್ಲಿ ಕಾಯಿಲೆ ನಿಜವೇ ಎಂಬುದಷ್ಟೇ ಪ್ರಶ್ನೆಯಾಗಿರುವುದಿಲ್ಲ. ನಿಯಮ ಏನು ಹೇಳುತ್ತದೆ, ವಿದ್ಯಾರ್ಥಿ ಸಕಾಲದಲ್ಲಿ ಲಿಖಿತವಾಗಿ ತಿಳಿಸಿದ್ದನೇ, ಸಂಸ್ಥೆಯು ಆ ಮನವಿಯನ್ನು ನ್ಯಾಯವಾಗಿ ಪರಿಶೀಲಿಸಿತೇ ಎಂಬುವು ನಿರ್ಣಾಯಕವಾಗುತ್ತವೆ.

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿವೆ. ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ (ವಿಟಿಯು) ಸಂಯೋಜನೆಗೆ ಒಳಪಟ್ಟಿದೆ. ಹೀಗೆ ಒಂದೇ ಊರಿನ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆ ಬೇರೆ ನಿಯಮಾವಳಿಗಳು ಅನ್ವಯಿಸುತ್ತವೆ. ಆದುದರಿಂದ ಮೊದಲು ನೋಡಬೇಕಾದುದು ತನ್ನ ವಿಶ್ವವಿದ್ಯಾನಿಲಯದ, ತಾನು ಪ್ರವೇಶ ಪಡೆದ ವರ್ಷದ ನಿಯಮಾವಳಿಯನ್ನು.

ಹಿಂತೆಗೆತ ಮತ್ತು ಹಾಜರಾತಿ ಮನ್ನಾ

ಇವೆರಡೂ ಒಂದೇ ಅಲ್ಲ. ಮನ್ನಾ ದೊರೆತ ವಿದ್ಯಾರ್ಥಿ ಅದೇ ಸೆಮಿಸ್ಟರಿನ ಪರೀಕ್ಷೆ ಬರೆಯುತ್ತಾನೆ. ಹಿಂತೆಗೆದುಕೊಂಡವನು ಆ ಸೆಮಿಸ್ಟರನ್ನೇ ಮತ್ತೆ ಓದುತ್ತಾನೆ. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲಿ ಶೇ. 85ರಷ್ಟು ಹಾಜರಾತಿ ಬೇಕು. ವೈದ್ಯಕೀಯ ಕಾರಣಗಳಿದ್ದಲ್ಲಿ ಪ್ರಾಂಶುಪಾಲರ ಶಿಫಾರಸಿನ ಮೇರೆಗೆ ಶೇ. 10ರವರೆಗಿನ ಕೊರತೆಯನ್ನು ಕುಲಪತಿಗಳು ಮನ್ನಾ ಮಾಡಬಹುದು.

ಉದಾಹರಣೆಗೆ, ಒಂದು ವಿಷಯಕ್ಕೆ ವಾರಕ್ಕೆ 4ರಂತೆ 16 ವಾರಗಳಲ್ಲಿ 64 ತರಗತಿಗಳು ನಡೆದವು ಎಂದುಕೊಳ್ಳೋಣ. ಟೈಫಾಯಿಡ್‌ನಿಂದ ಮೂರು ವಾರ ಮಲಗಿದ ವಿದ್ಯಾರ್ಥಿ 12 ತರಗತಿಗಳನ್ನು ಕಳೆದುಕೊಂಡರೆ ಅವನ ಹಾಜರಾತಿ ಶೇ. 81.25 ಆಗುತ್ತದೆ. ಇದು ಮನ್ನಾದ ಮಿತಿಯೊಳಗಿದೆ. ಆರು ವಾರಗಳಾದರೆ ಹಾಜರಾತಿ ಶೇ. 62.5ಕ್ಕೆ ಇಳಿಯುತ್ತದೆ; ಆಗ ಮನ್ನಾ ಮಾಡುವ ಅಧಿಕಾರ ಕುಲಪತಿಗಳಿಗೂ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಪರೀಕ್ಷೆಯವರೆಗೆ ಕಾಯದೆ ಸೆಮಿಸ್ಟರ್ ಬಿಡಲು ಅನುಮತಿ ಕೋರುವುದೇ ಸೂಕ್ತ ಮಾರ್ಗ. ಪದವಿ ಮುಗಿಸಲು ಗರಿಷ್ಠ ಅವಧಿಯೂ ನಿಗದಿಯಾಗಿರುವುದರಿಂದ, ಬಿಟ್ಟ ಸೆಮಿಸ್ಟರ್ ಆ ಅವಧಿಯಲ್ಲಿ ಎಣಿಕೆಯಾಗುವುದೇ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ನ್ಯಾಯಾಲಯಗಳ ನಿಲುವು

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ ಅಧ್ಯಾಪಕ ನೇಮಕಾತಿ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ, ಶೈಕ್ಷಣಿಕ ತಜ್ಞರ ಅಭಿಪ್ರಾಯಗಳಲ್ಲಿ ನ್ಯಾಯಾಲಯಗಳು ಸುಲಭವಾಗಿ ಹಸ್ತಕ್ಷೇಪ ಮಾಡಬಾರದೆಂದು ತಿಳಿಸಿತು. ಈ ತತ್ತ್ವವನ್ನು ಶೈಕ್ಷಣಿಕ ವ್ಯಾಜ್ಯಗಳಲ್ಲಿ ಇಂದಿಗೂ ಉಲ್ಲೇಖಿಸಲಾಗುತ್ತದೆ. 1993ರ ಗುರು ನಾನಕ್ ದೇವ್ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ, ನಿಯಮಗಳನ್ನು ಬದಿಗಿಟ್ಟು ಕೇವಲ ಅನುಕಂಪದಿಂದ ಮಧ್ಯಂತರ ಆದೇಶ ನೀಡುವುದನ್ನು ಅದೇ ನ್ಯಾಯಾಲಯ ಟೀಕಿಸಿತು.

ಹಾಜರಾತಿಯ ವಿಷಯದಲ್ಲಿ ತೀರ್ಪುಗಳು ಏಕರೂಪವಾಗಿಲ್ಲ. ಗರ್ಭಿಣಿ ವಿದ್ಯಾರ್ಥಿನಿಯರ ಹಾಜರಾತಿ ಸಡಿಲಿಕೆಯ ಪರವಾಗಿ ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. 2018ರಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬರ ಇಂತಹದೇ ಕೋರಿಕೆಯನ್ನು ನಿರಾಕರಿಸಿತು. 2025ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು, ಹಾಜರಾತಿ ಕೊರತೆಯೊಂದೇ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು ತೀರ್ಪು ನೀಡಿತು. 2016ರಲ್ಲಿ ನಡೆದ ಕಾನೂನು ವಿದ್ಯಾರ್ಥಿಯೊಬ್ಬನ ಆತ್ಮಹತ್ಯೆಯೇ ಆ ಪ್ರಕರಣಕ್ಕೆ ಮೂಲವಾಗಿತ್ತು. ಈ ತೀರ್ಪು ಕಾನೂನು ಶಿಕ್ಷಣಕ್ಕೆ ಸಂಬಂಧಿಸಿದ್ದು. ಇತರ ಪದವಿಗಳ ವಿದ್ಯಾರ್ಥಿಗಳು ಇದನ್ನೇ ನೆಚ್ಚಿ ತರಗತಿ ಬಿಡುವಂತಿಲ್ಲ.

ಶುಲ್ಕ ಮತ್ತು ವಿದ್ಯಾರ್ಥಿವೇತನ

ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕದ ನಂತರ 15 ದಿನಗಳೊಳಗೆ ಪ್ರವೇಶ ರದ್ದುಪಡಿಸಿದರೆ ಶೇ. 80ರಷ್ಟು, 15ರಿಂದ 30 ದಿನಗಳ ನಡುವೆ ಶೇ. 50ರಷ್ಟು ಶುಲ್ಕ ಮರಳುತ್ತದೆ. 30 ದಿನಗಳ ನಂತರ ಏನೂ ಮರಳುವುದಿಲ್ಲ. ಸೆಮಿಸ್ಟರಿನ ನಡುವೆ ಕಾಯಿಲೆ ಬೀಳುವವರಿಗೆ ಇದರಿಂದ ನೆರವು ದೊರೆಯುವುದು ವಿರಳ. ಮಹರ್ಷಿ ದಯಾನಂದ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ (2010) ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಯನ್ನು ಗ್ರಾಹಕನೆಂದು ಒಪ್ಪದ ಕಾರಣ, ಗ್ರಾಹಕ ಆಯೋಗದ ಮಾರ್ಗವೂ ಸುಗಮವಲ್ಲ.

ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಯಲ್ಲಿ ಮಾತ್ರ ಒಂದು ಮುಖ್ಯ ಅವಕಾಶವಿದೆ. ಕಾಯಿಲೆಯಿಂದ ವಾರ್ಷಿಕ ಪರೀಕ್ಷೆ ತಪ್ಪಿದರೆ, ವೈದ್ಯಕೀಯ ಪ್ರಮಾಣಪತ್ರ ಹಾಗೂ ಸಂಸ್ಥೆಯ ಮುಖ್ಯಸ್ಥರ ದೃಢೀಕರಣದ ಆಧಾರದ ಮೇಲೆ ಮುಂದಿನ ವರ್ಷಕ್ಕೆ ವೇತನವನ್ನು ನವೀಕರಿಸಬಹುದು.

ಪರಿಹಾರದ ಮಾರ್ಗಗಳು

ಯುಜಿಸಿಯ 2023ರ ವಿನಿಯಮಗಳ ಪ್ರಕಾರ ದೂರನ್ನು ಮೊದಲು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಸಲ್ಲಿಸಬೇಕು. ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅದರಿಂದ ತೃಪ್ತಿಯಾಗದಿದ್ದರೆ 15 ದಿನಗಳಲ್ಲಿ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಕೊನೆಯ ಮಾರ್ಗ ಸಂವಿಧಾನದ 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸುವ ರಿಟ್ ಅರ್ಜಿ. ಮೊಳಕಾಲ್ಮುರಿಗೆ ನೆರೆಯ ಬಳ್ಳಾರಿ ಜಿಲ್ಲೆಯು ಧಾರವಾಡ ಪೀಠದ ವ್ಯಾಪ್ತಿಯಲ್ಲಿದ್ದರೂ, ಚಿತ್ರದುರ್ಗ ಜಿಲ್ಲೆಯು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತದೆ. ದೂರ ಮತ್ತು ವೆಚ್ಚ ಗ್ರಾಮೀಣ ಕುಟುಂಬಗಳಿಗೆ ಹೊರೆಯೇ ಸರಿ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಇದಕ್ಕೆ ಅರ್ಜಿ ಸಲ್ಲಿಸಬಹುದು.

ದಾಖಲೆಗಳ ಮಹತ್ವ

ಕಾಯಿಲೆ ಬಿದ್ದ ದಿನಗಳಲ್ಲೇ ಪ್ರಾಂಶುಪಾಲರಿಗೆ ಪೋಷಕರ ಮೂಲಕವಾದರೂ ಪತ್ರ ಕೊಟ್ಟು ಸ್ವೀಕೃತಿ ಪಡೆಯುವುದು ಅತ್ಯಗತ್ಯ. ಆಸ್ಪತ್ರೆಯ ಬಿಡುಗಡೆ ಪತ್ರ, ಪರೀಕ್ಷಾ ವರದಿಗಳು, ಔಷಧಿ ಚೀಟಿಗಳು ಹಾಗೂ ದಿನಾಂಕಗಳನ್ನು ನಮೂದಿಸಿದ ವೈದ್ಯಕೀಯ ಪ್ರಮಾಣಪತ್ರವನ್ನು ಕಾಪಾಡಿಕೊಳ್ಳಬೇಕು. ಗುಣವಾದ ಮೇಲೆ ಪರೀಕ್ಷೆಯ ಮುನ್ನಾದಿನ ತಂದ ಪ್ರಮಾಣಪತ್ರ ಸಂಶಯಕ್ಕೆ ಎಡೆಗೊಡುತ್ತದೆ. ನಿರಾಕರಣೆಯನ್ನೂ ಕಾರಣಸಹಿತವಾಗಿ ಬರವಣಿಗೆಯಲ್ಲಿ ಕೋರಬೇಕು; ಪ್ರಶ್ನಿಸಲು ಲಿಖಿತ ಆದೇಶವಿದ್ದರೆ ಮೇಲ್ಮನವಿಗೂ ರಿಟ್ ಅರ್ಜಿಗೂ ಗಟ್ಟಿಯಾದ ಆಧಾರ ದೊರೆಯುತ್ತದೆ.